ಕೆಲವೆಡೆ ಗುಡುಗು ಸಹಿತ ಮಳೆ

(ಬಾನುಲಿ ಭಾಷಣ)



‘ಮುಂದಿನ 24 ಗಂಟೆಗಳಲ್ಲಿ ದಕ್ಷಿಣ ಒಳನಾಡಿನ ಕೆಲವೆಡೆ ಗುಡುಗು ಸಹಿತ ಭಾರೀ ಮಳೆಯಾಗುವ ಸಂಭವವಿದೆ.’

ಈ ವಾಕ್ಯವನ್ನು ನೀವು ಎಷ್ಟು ಸಲ ಕೇಳಿದ್ದೀರೋ ನಾನರಿಯೆ. ವಾರ್ತೆಗಳು ಮುಗಿಯುತ್ತ ಬಂದಂತೆ, ಮಜ್ಜಿಗೆಯನ್ನಕ್ಕೆ ಕೈಹಾಕುವ ಹೊತ್ತಿಗೆ, ಇದು ಕಿವಿಯ ಮೇಲೆ ಬಿದ್ದು ಹಾಗೆಯೇ ಜಾರಿಹೋಗುತ್ತದೆ. ಪರಿಚಿತವಾದ ರಾಗದ ಆಲಾಪನೆಯಂತೆ ಅದು ಕೇಳಿಸುತ್ತದೆಯೇ ಹೊರತು ಅದರ ಅರ್ಥ ನಮ್ಮನ್ನು ಮುಟ್ಟುವುದಿಲ್ಲ. ನಾನು ಹವಾಮಾನಶಾಸ್ತ್ರಜ್ಞನಲ್ಲ, ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿದ ಮೇಷ್ಟ್ರು. ಹಳಗನ್ನಡದ ಪದ್ಯವೊಂದನ್ನು ತರಗತಿಯಲ್ಲಿ ಬಿಡಿಸುವಾಗ ಮೊದಲು ಪದವಿಭಾಗ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ ಎಂಬ ಕ್ರಮವನ್ನು ಅನುಸರಿಸುತ್ತಿದ್ದೆವು. ಇಂದು ಆ ಕ್ರಮದಲ್ಲಿಯೇ ಈ ಒಂದು ವಾಕ್ಯವನ್ನು ನಿಮ್ಮೆದುರು ಬಿಡಿಸಬೇಕೆಂದಿದ್ದೇನೆ. ಇದಕ್ಕೆ ನನ್ನದೇ ಆದ ಒಂದು ಕಾರಣವೂ ಇದೆ. ಅದನ್ನು ಆಮೇಲೆ ಅರಿಕೆ ಮಾಡಿಕೊಳ್ಳುತ್ತೇನೆ.

ಮಳೆಯನ್ನು ಮುಂಚಿತವಾಗಿ ತಿಳಿಯಬೇಕೆಂಬ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಣಜದ ಬಳಿ ಒಂದು ಮೊಳ ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಆ ಗ್ರಂಥವನ್ನು ಓಲೆಗರಿಯ ಕಟ್ಟಿನಿಂದ ಬಿಡಿಸಿ 1909ರಲ್ಲಿ ಲೋಕಕ್ಕೆ ಕೊಟ್ಟವರು ಮೈಸೂರಿನ ರುದ್ರಪಟ್ಟಣ ಶಾಮಾಶಾಸ್ತ್ರಿಗಳು. ಕನ್ನಡದಲ್ಲಿಯೇ, 1300ರ ಸುಮಾರಿನಲ್ಲಿ, ಜೈನಕವಿಯಾದ ರಟ್ಟಕವಿ ‘ರಟ್ಟಮತ’ವೆಂಬ ಗ್ರಂಥದಲ್ಲಿ ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತು ಬರೆದ. ಓದುಬರಹವಿಲ್ಲದ ನಮ್ಮ ರೈತನಂತೂ ಅಶ್ವಿನಿಯಿಂದ ವಿಶಾಖೆಯವರೆಗಿನ ಮಳೆಗಳನ್ನು ಬೆರಳ ಗಿಣ್ಣುಗಳಲ್ಲಿ ಎಣಿಸಿ ಇಟ್ಟುಕೊಂಡಿದ್ದ. ‘ಅಶ್ವಿನಿ ಸಸ್ಯನಾಶಿನಿ’, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಗಳು ಅವನ ಹವಾಮಾನಶಾಸ್ತ್ರ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ತಲೆಮಾರುಗಳ ನೋಟ ಅದರಲ್ಲಿ ಹೆಪ್ಪುಗಟ್ಟಿದೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು: ಈ ಲೆಕ್ಕ ಋತುವನ್ನು ಹೇಳುತ್ತದೆ, ದಿನವನ್ನು ಹೇಳುವುದಿಲ್ಲ. ಕೃತ್ತಿಕೆ ಮಳೆ ಮೇ ತಿಂಗಳ ಎರಡನೆಯ ವಾರದಲ್ಲಿ ಹುಟ್ಟುತ್ತದೆಂದು ಪಂಚಾಂಗ ಹೇಳಬಲ್ಲದು. ಇಂದು ಸಂಜೆ ನಾಲ್ಕು ಗಂಟೆಗೆ ಹೊಲದಲ್ಲಿ ನಿಲ್ಲಬೇಡ ಎಂದು ಹೇಳಲಾರದು. ಆ ಎರಡನೆಯ ಮಾತನ್ನು ಹೇಳಲು ಹೊರಟದ್ದು 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆ. ಆ ಪ್ರಯತ್ನದ ಭಾಷೆಯೇ ನಾವು ಬಿಡಿಸಹೊರಟ ಈ ವಾಕ್ಯ.

ಮೊದಲನೆಯ ಪದ ‘ದಕ್ಷಿಣ ಒಳನಾಡು’. ಹವಾಮಾನ ಇಲಾಖೆ ಇಡೀ ದೇಶವನ್ನು 36 ಉಪವಿಭಾಗಗಳನ್ನಾಗಿ ವಿಂಗಡಿಸಿಕೊಂಡಿದೆ. ಅವುಗಳಲ್ಲಿ ಮೂರು ನಮ್ಮವು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಕೊಡಗಿನ ಕಾಫಿ ತೋಟವೂ ಚಿತ್ರದುರ್ಗದ ಕುರುಚಲು ಗುಡ್ಡವೂ ದಕ್ಷಿಣ ಒಳನಾಡೆಂಬ ಒಂದೇ ಹೆಸರಿನಡಿ ಬರುತ್ತವೆ. ಇಷ್ಟು ವಿಶಾಲವಾದ ಹೆಸರನ್ನು ಕೇಳಿದಾಗ ‘ಇದು ನನ್ನ ಊರಿನ ಮಾತು’ ಎಂದು ಯಾರಿಗೂ ಅನ್ನಿಸದಿರುವುದು ಸಹಜ.

ಎರಡನೆಯದು ‘ಕೆಲವೆಡೆ’. ಇದು ಜಾರಿಕೊಳ್ಳುವ ಮಾತೆಂದು ನಾವು ನಗುತ್ತೇವೆ. ವಾಸ್ತವವಾಗಿ ಇದಕ್ಕೆ ಅಳತೆಯಿದೆ. ಆ ಪ್ರದೇಶದಲ್ಲಿರುವ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾಗುವಂತಿದ್ದರೆ ‘ಒಂದೆರಡು ಕಡೆ’. 26ರಿಂದ 50ರಷ್ಟಾದರೆ ‘ಕೆಲವೆಡೆ’. 51ರಿಂದ 75ರಷ್ಟಾದರೆ ‘ಹಲವೆಡೆ’. ಅದಕ್ಕೂ ಮಿಕ್ಕರೆ ‘ಬಹುತೇಕ ಕಡೆ’. ಅಂದಮೇಲೆ ‘ಕೆಲವೆಡೆ’ ಎಂದಾಗ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಊರುಗಳು ಒಣಗಿಯೇ ಉಳಿಯುತ್ತವೆಂಬುದೂ ಆ ಮುನ್ಸೂಚನೆಯ ಅಂಗವೇ. ನಮ್ಮೂರಿನಲ್ಲಿ ಹನಿ ಬೀಳದಿದ್ದರೆ ಮುನ್ಸೂಚನೆ ಸುಳ್ಳಾಗಲಿಲ್ಲ. ನಾವು ವಾಕ್ಯವನ್ನು ಪೂರ್ತಿ ಓದಲಿಲ್ಲ, ಅಷ್ಟೆ.

ಮೂರನೆಯ ಪದ ‘ಗುಡುಗು ಸಹಿತ’. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಈ ವಿಷಯದಲ್ಲಿ ಕನ್ನಡ ಬಹಳ ಸೂಕ್ಷ್ಮವಾದ ಭಾಷೆ. ಕಣ್ಣಿಗೆ ಕಾಣುವುದು ಮಿಂಚು. ಮಿನುಗು ಎಂಬುದರ ಬಳಗದ ಮಾತು. ಕಿವಿಗೆ ಕೇಳುವುದು ಗುಡುಗು. ಧ್ವನಿಯನ್ನೇ ಅನುಕರಿಸಿ ಹುಟ್ಟಿದ ಶಬ್ದ. ನೆಲಕ್ಕೆ ಬಡಿಯುವುದು ಸಿಡಿಲು. ಸಿಡಿ ಎಂಬ ಧಾತುವಿನಿಂದ ಬಂದದ್ದು. ಒಂದೇ ವಿದ್ಯುತ್ತಿನ ಮೂರು ಮುಖಗಳಿಗೆ ಮೂರು ಹೆಸರು. ಇವುಗಳಲ್ಲಿ ಗುಡುಗು ಯಾರನ್ನೂ ಕೊಂದದ್ದಿಲ್ಲ, ಕೊಲ್ಲುವುದು ಸಿಡಿಲು. ಆದರೆ ಇಂಗ್ಲಿಷಿನ ಪದವನ್ನು ಅನುವಾದಿಸುವ ಭರದಲ್ಲಿ ನಾವು ಶಬ್ದಮಾತ್ರವಾದ ಗುಡುಗನ್ನು ಮುಂದೆ ನಿಲ್ಲಿಸಿ, ಪ್ರಾಣಾಂತಿಕವಾದ ಸಿಡಿಲನ್ನು ವಾಕ್ಯದಿಂದಲೇ ಹೊರಗಿಟ್ಟೆವು. ಜೊತೆಗೆ ‘ಸಹಿತ’ ಎಂಬ ಪ್ರಯೋಗ ಬೇರೆ. ಊಟಕ್ಕೆ ಉಪ್ಪಿನಕಾಯಿ ಸಹಿತ ಎಂಬಂತೆ, ಮಳೆಯೇ ಮುಖ್ಯ, ಉಳಿದದ್ದು ಅದರ ಪಕ್ಕವಾದ್ಯ ಎಂಬ ಭಾವನೆ ಕೇಳುವವನಲ್ಲಿ ಮೂಡುತ್ತದೆ.

ಈಗ ನನ್ನ ಕಾರಣವನ್ನು ಹೇಳುತ್ತೇನೆ. ಅದು 1970ರ ಮೇ ತಿಂಗಳು. ನನಗೆ ಹನ್ನೆರಡು ವರ್ಷ. ನಮ್ಮದು ಬಯಲುಸೀಮೆಯ ಒಂದು ಸಣ್ಣ ಹಳ್ಳಿ. ಊರಿಗೆಲ್ಲ ಇದ್ದ ಎರಡು ರೇಡಿಯೋಗಳಲ್ಲಿ ಒಂದು ನಮ್ಮ ಮನೆಯದು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ರೇಡಿಯೋ ಇದೇ ವಾಕ್ಯವನ್ನು ಹೇಳಿತು. ನಮ್ಮ ದೊಡ್ಡಪ್ಪನವರು, ‘ದಿನಾ ಹೇಳ್ತಾನೆ, ದಿನಾ ಬಿಸಿಲು’ ಎಂದು ನಕ್ಕರು. ನಾವೆಲ್ಲರೂ ನಕ್ಕೆವು. ಮೂರು ಗಂಟೆಯ ಮೇಲೆ ಪಡುವಣದಲ್ಲಿ ಮೋಡ ಕಟ್ಟಿತು. ಎತ್ತುಗಳು ಕೆರೆಯಾಚೆಯ ಹೊಲದಲ್ಲಿದ್ದವು. ‘ಮಳೆ ಬರುವ ಹಾಗಿದೆ, ಎತ್ತು ಹೊಡೆದುಕೊಂಡು ಬಾ ಅನ್ನು’ ಎಂದು ದೊಡ್ಡಪ್ಪನವರು ನನ್ನನ್ನು ನಮ್ಮ ಮನೆಯ ಕೆಲಸದ ಆಳಿನ ಬಳಿಗೆ ಕಳುಹಿಸಿದರು. ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ನನಗೆ ಈಜು ಕಲಿಸಿದವನು ಅವನೇ. ನಾನು ಓಡಿಹೋಗಿ ಮಾತು ಮುಟ್ಟಿಸಿದೆ. ಅವನು ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹೊರಟ.

ಮಳೆ ಜೋರಾದಾಗ ಎತ್ತುಗಳೊಡನೆ ಅವನು ಹುಣಸೆಯ ಮರದಡಿ ನಿಂತಿದ್ದಾನೆ. ಸಿಡಿಲು ಮರಕ್ಕೆ ಬಡಿಯಿತು. ಊರವರು ಓಡಿಹೋದಾಗ ಅವನ ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಆದರೆ ಸಿಡಿಲು ಬಡಿದವನನ್ನು ಮುಟ್ಟಬಾರದೆಂದು ಹಿರಿಯರು ತಡೆದರು. ಬಹಳ ಹೊತ್ತು ಯಾರೂ ಮುಟ್ಟಲಿಲ್ಲ. ಕೊನೆಗೆ ಮುಟ್ಟಿದವಳು ಅವನ ತಾಯಿ.

ಆ ದಿನ ನನ್ನ ಬಳಿ ಎರಡು ವಾಕ್ಯಗಳಿದ್ದವು. ಒಂದು ರೇಡಿಯೋ ಹೇಳಿದ್ದು, ಇನ್ನೊಂದು ದೊಡ್ಡಪ್ಪನವರು ಹೇಳಿದ್ದು. ನಾನು ಒಯ್ದದ್ದು ಒಂದನ್ನು ಮಾತ್ರ. ಹನ್ನೆರಡು ವರ್ಷದ ಹುಡುಗನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಇಂದು ನಾನೂ ಹೊರಿಸಿಕೊಳ್ಳುತ್ತಿಲ್ಲ. ಆದರೆ ಭಾಷೆಯನ್ನೇ ಉಸಿರಾಡಿದ ನನ್ನ ಬಾಳಿನಲ್ಲಿ, ಮುಟ್ಟದೆ ಹೋದ ಆ ಒಂದು ವಾಕ್ಯ ಕಲ್ಲಿನಂತೆ ಕುಳಿತಿದೆ.

ಅಂದು ನಡೆದದ್ದೇನೆಂಬುದನ್ನು ವಿಜ್ಞಾನ ಇಂದು ಸ್ಪಷ್ಟವಾಗಿ ವಿವರಿಸುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ನೆಲ ಕಾಯುತ್ತದೆ. ಕಡಲಿನ ಕಡೆಯಿಂದ ಬಂದ ತೇವಭರಿತ ಗಾಳಿ ಕಾದ ನೆಲದ ಮೇಲೆ ಹಗುರವಾಗಿ ಮೇಲೇರುತ್ತದೆ. ಏರಿದಂತೆ ತಣಿದು, ಆವಿ ಹನಿಯಾಗುವಾಗ ಬಿಡುಗಡೆಯಾದ ಶಾಖ ಆ ಗಾಳಿಯನ್ನು ಮತ್ತಷ್ಟು ಮೇಲಕ್ಕೆ ನೂಕುತ್ತದೆ. ಹೀಗೆ 12-15 ಕಿಲೋಮೀಟರ್ ಎತ್ತರದವರೆಗೂ ಕಾರ್ಮುಗಿಲ ಗೋಪುರ ಬೆಳೆಯುತ್ತದೆ. ಅದರೊಳಗೆ ಮಂಜಿನ ಹರಳುಗಳೂ ಮೃದುವಾದ ಆಲಿಕಲ್ಲುಗಳೂ ಪರಸ್ಪರ ತಾಕಿ ವಿದ್ಯುದಂಶಗಳು ಬೇರ್ಪಡುತ್ತವೆ. ಆ ಒತ್ತಡ ತಾಳಲಾರದಷ್ಟಾದಾಗ ಸಿಡಿಲು. ಅದರ ಹಾದಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ಸೂರ್ಯನ ಮೇಲ್ಮೈಯ ಐದರಷ್ಟು. ಮಾವಿಗೂ ಕಾಫಿಯ ಹೂವಿಗೂ ಜೀವದಾಯಿಯೆಂದು ನಾವು ಕೊಂಡಾಡುವ ಬೇಸಗೆಯ ಮಳೆ ಇದೇ ಮೋಡದ ಕೂಸು.

ಎತ್ತರದ ಒಂಟಿಮರ ಸಿಡಿಲಿಗೆ ಸುಲಭದ ದಾರಿ. ಮರಕ್ಕೆ ಬಡಿದ ವಿದ್ಯುತ್ತು ಕಾಂಡದಿಂದ ಪಕ್ಕದಲ್ಲಿ ನಿಂತವನಿಗೆ ಹಾರುತ್ತದೆ. ಬೇರಿನಿಂದ ನೆಲದ ಮೇಲೂ ಹರಡುತ್ತದೆ. ಮಂದೆಯ ಕುರಿಗಳು ಒಮ್ಮೆಗೇ ಹತ್ತಾರು ಸಾಯುವುದು ಹೀಗೆ ನೆಲದಲ್ಲಿ ಹರಿದುಬಂದ ವಿದ್ಯುತ್ತಿನಿಂದ. ಆದುದರಿಂದ ಮೊದಲನೆಯ ನಿಯಮ: ಮರದಡಿ ನಿಲ್ಲಬಾರದು. ಗಟ್ಟಿಯಾದ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಲೋಹದ ಮೈಯ ವಾಹನ ಆಶ್ರಯವಾಗಬಲ್ಲವು. ಮಿಂಚು ಕಂಡೊಡನೆ ಎಣಿಸತೊಡಗಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆಯೆಂದು ತಿಳಿದು ಒಳಗೆ ಹೋಗಿ. ಕೊನೆಯ ಗುಡುಗಾದ ಮೇಲೆ ಮೂವತ್ತು ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಬಯಲಿನಲ್ಲಿ ಬೇರೆ ಗತಿಯೇ ಇಲ್ಲವೆಂದಾದರೆ, ಪಾದಗಳನ್ನು ಜೋಡಿಸಿ, ಕುಕ್ಕರಗಾಲಿನಲ್ಲಿ ಕುಳಿತು, ತಲೆ ತಗ್ಗಿಸಿ, ಮಲಗಬೇಡಿ.

ಇನ್ನೊಂದು ಮಾತು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವನನ್ನು ಮುಟ್ಟಬಹುದು, ಮುಟ್ಟಲೇಬೇಕು. ನಿಂತ ಎದೆಯನ್ನು ಒತ್ತಿ, ಬಾಯಿಗೆ ಉಸಿರು ಕೊಟ್ಟು, ಆಸ್ಪತ್ರೆಗೆ ಸಾಗಿಸಿದರೆ ಬದುಕುವವರಿದ್ದಾರೆ. ಮಣ್ಣಿನಲ್ಲೋ ಸಗಣಿಯಲ್ಲೋ ಹೂಳುವುದು, ದೂರ ನಿಂತು ನೋಡುವುದು ಇವೆಲ್ಲ ಬದುಕಬಹುದಾದವನನ್ನೂ ಕಳೆದುಕೊಳ್ಳುವ ದಾರಿ. ಇದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಯಾರಿದ್ದಾರೆಂಬುದು ನಿಮಗೆ ತಿಳಿದೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಲೆಕ್ಕದಂತೆ 2020, 2021, 2022ರ ಮೂರು ವರ್ಷಗಳಲ್ಲಿಯೂ ದೇಶದಲ್ಲಿ ವರ್ಷಕ್ಕೆ 2,800ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾದರು. ಹೊಲದಲ್ಲಿ ಬಾಗಿದವರು, ದನ ಕಾಯುವವರು, ಕುರಿ ಮೇಯಿಸುವವರೇ ಇವರಲ್ಲಿ ಬಹುಪಾಲು.

ಈಗ ‘ಭಾರೀ ಮಳೆ’. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ಅದು ಭಾರೀ, ಅಲ್ಲಿಂದ 204.4ರವರೆಗೆ ಅತಿ ಭಾರೀ. ಅದಕ್ಕೂ ಮೇಲೆ ಅತ್ಯಧಿಕ. ಈ ಅಳತೆ ದಿನದ್ದು, ಗಂಟೆಯದಲ್ಲ. ಆಗುಂಬೆಯ ಆಷಾಢದಲ್ಲಿ ದಿನವಿಡೀ ಸುರಿದ ಎಪ್ಪತ್ತು ಮಿಲಿಮೀಟರನ್ನು ಯಾರೂ ಗಣನೆಗೆ ತರುವುದಿಲ್ಲ. ಅದೇ ಎಪ್ಪತ್ತು ಮಿಲಿಮೀಟರು ಬೆಂಗಳೂರಿನ ಮೇಲೆ ಒಂದೇ ಗಂಟೆಯಲ್ಲಿ ಬಿದ್ದರೆ ಅದು ಹಠಾತ್ ಪ್ರವಾಹ. ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರಿನ ಮೇಲೆ ನೂರು ಮಿಲಿಮೀಟರ್ ಬಿದ್ದರೆ ಹತ್ತು ಕೋಟಿ ಲೀಟರ್! ಮಣ್ಣಿದ್ದರೆ ಒಂದು ಪಾಲನ್ನು ಕುಡಿದೀತು. ಕಾಂಕ್ರೀಟು ಏನನ್ನೂ ಕುಡಿಯುವುದಿಲ್ಲ.

ಬೆಂಗಳೂರಿನಲ್ಲಿ ಹೇಳಿಕೊಳ್ಳುವಂತಹ ಹೊಳೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ಪ್ರವಾಹವೇ ಎಂದು ಹಿಂದಿನವರು ಅಚ್ಚರಿಪಡುತ್ತಿದ್ದರೇನೋ. ಅವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬುತ್ತಿತ್ತು. ಆ ಸರಪಳಿಯ ಕೊಂಡಿಗಳನ್ನು ನಾವು ಬಡಾವಣೆಗಳನ್ನಾಗಿ ಮಾರಿಕೊಂಡೆವು. ನೀರಿಗೆ ಮಾತ್ರ ತನ್ನ ಹಳೆಯ ದಾರಿ ಮರೆತಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆಯಾದಾಗ, ಸಿರಿವಂತರ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರತರಬೇಕಾಯಿತು. 2023ರ ಮೇ 21ರ ಮಧ್ಯಾಹ್ನದ ಬಿರುಮಳೆಯಲ್ಲಿ ನಗರದ ನಡುವಿನ ಕೆಳಸೇತುವೆಯೊಂದರಲ್ಲಿ ಕಾರು ಮುಳುಗಿ ಇಪ್ಪತ್ತೆರಡರ ಯುವತಿಯೊಬ್ಬಳು ಪ್ರಾಣಬಿಟ್ಟಳು. 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಬಿದ್ದು, 1891ರಿಂದ ನಿಂತಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು.

ಇದು ನಗರದ ಮಾತು ಮಾತ್ರವಲ್ಲ. ವಿಜಯಪುರದ ಕಡೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ. ಅದೇ ಡೋಣಿಯೂ ನವಲಗುಂದದ ಸೀಮೆಯ ಬೆಣ್ಣೆಹಳ್ಳವೂ ಮೇಲ್ಭಾಗದ ಒಂದು ಬಿರುಮಳೆಗೆ ಉಕ್ಕಿಬಂದು ಎರೆಹೊಲಗಳನ್ನು ನುಂಗುವುದುಂಟು. ನಿಂತ ಊರಿನಲ್ಲಿ ಬಿಸಿಲಿದ್ದರೂ ಹಳ್ಳ ಬರಬಹುದು. ಮಳೆ ಬಿದ್ದದ್ದು ಎಲ್ಲೋ ಮೇಲೆ. ಹರಿಯುವ ನೀರು ಗೇಣುದ್ದವಿದ್ದರೂ ಆಳನ್ನು ಬೀಳಿಸಬಲ್ಲದು. ಮೊಳದಷ್ಟಾದರೆ ಕಾರನ್ನೇ ತೇಲಿಸಬಲ್ಲದು. ಹರಿಯುವ ನೀರಿನ ಆಳವನ್ನು ಕಣ್ಣಳತೆಯಲ್ಲಿ ನಂಬಬಾರದು.

ಕೊನೆಯ ಪದ ‘ಸಂಭವ’. ಸಂಸ್ಕೃತದಲ್ಲಿ ಇದಕ್ಕೆ ಹುಟ್ಟು ಎಂದರ್ಥ. ಬ್ರಹ್ಮನನ್ನು ಪದ್ಮಸಂಭವನೆನ್ನುವುದು ಅದರಿಂದಲೇ. ಹುಟ್ಟಿಯೂ ಹುಟ್ಟದೆಯೂ ಇರಬಹುದಾದದ್ದು ಎಂಬ ಅರ್ಥದಲ್ಲಿ ಕನ್ನಡ ಅದನ್ನು ಬಳಸುತ್ತದೆ. ಗುಡುಗಿನ ಮೋಡದ ಒಂದು ಗುಂಪು ಕೆಲವೇ ಕಿಲೋಮೀಟರ್ ಅಗಲ. ಬಹಳ ಸಲ ಅದರ ಆಯುಷ್ಯ ಒಂದು ಗಂಟೆಯೂ ಇಲ್ಲ. ಬೆಳಿಗ್ಗೆ ಅದಿನ್ನೂ ಹುಟ್ಟಿರುವುದೇ ಇಲ್ಲ. ಹುಟ್ಟುವುದಕ್ಕೆ ಬೇಕಾದ ಸನ್ನಿವೇಶವನ್ನು ವಿಜ್ಞಾನಿ ಕಾಣಬಲ್ಲ, ಹುಟ್ಟುವ ಕೇರಿಯನ್ನು ಹಿಂದಿನ ದಿನವೇ ಹೇಳಲಾರ. ಹಾಗಾಗಿಯೇ ಈಗ ಮುನ್ಸೂಚನೆಯನ್ನು ಹಂತಹಂತವಾಗಿ ಕೊಡುತ್ತಾರೆ. ದಿನಗಳ ಮುಂಚೆ ಬಣ್ಣದ ಸೂಚನೆ: ಹಸಿರಾದರೆ ನಿಶ್ಚಿಂತೆ, ಹಳದಿಯಾದರೆ ಗಮನವಿಡಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಕಾರ್ಯೋನ್ಮುಖರಾಗಿ. ಮೋಡ ಹುಟ್ಟಿದ ಮೇಲೆ ರೇಡಾರ್ ನೋಡಿ ಮುಂದಿನ ಮೂರು ಗಂಟೆಗಳ ಸೂಚನೆ. ಹಠಾತ್ ಪ್ರವಾಹಕ್ಕೆಂದೇ 2020ರಲ್ಲಿ ದಕ್ಷಿಣ ಏಷ್ಯಾದ ಐದು ದೇಶಗಳಿಗೆ ಒಂದು ವ್ಯವಸ್ಥೆ ಭಾರತದ ನೇತೃತ್ವದಲ್ಲಿ ಆರಂಭವಾಯಿತು. ಅದು ಆರು ಗಂಟೆಗಳಿಂದ 24 ಗಂಟೆಗಳಷ್ಟು ಮುಂಚಿತವಾಗಿ ಅಪಾಯವನ್ನು ತಿಳಿಸುತ್ತದೆ. ನಮ್ಮ ರಾಜ್ಯವಂತೂ 1988ರಲ್ಲಿಯೇ ಬರಗಾಲದ ಮೇಲ್ವಿಚಾರಣೆಗೆಂದು ಒಂದು ಕೇಂದ್ರವನ್ನು ಸ್ಥಾಪಿಸಿತು. ಅದು ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಮಳೆ ಅಳೆಯುತ್ತಿದೆ; ‘ವರುಣಮಿತ್ರ’ವೆಂಬ ಸಹಾಯವಾಣಿಯಲ್ಲಿ ರೈತರಿಗೆ ಉತ್ತರ ಹೇಳುತ್ತಿದೆ. ಮೊಬೈಲಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡಲು ಪುಣೆಯ ಸಂಸ್ಥೆಯೊಂದು ‘ದಾಮಿನಿ’ಯನ್ನು ರೂಪಿಸಿತು, ನಮ್ಮವರು ರೂಪಿಸಿದ್ದಕ್ಕೆ ‘ಸಿಡಿಲು’ ಎಂದೇ ಹೆಸರಿಟ್ಟರು. ಕೊನೆಗೂ ಸರಿಯಾದ ಪದ ತನ್ನ ಜಾಗಕ್ಕೆ ಬಂತು ಎಂದು ನನಗೆ ಸಂತೋಷವಾಯಿತು.

ಆದರೂ ಮೂರು ಸಲ ಎಚ್ಚರಿಕೆ ಬಂದು ಮಳೆ ಬಾರದಿದ್ದರೆ ನಾಲ್ಕನೆಯ ಸಲ ನಾವು ನಗುತ್ತೇವೆ. ತೋಳ ಬಂತು ತೋಳ ಎಂದ ಹುಡುಗನ ಕತೆಯನ್ನು ನೆನೆಯುತ್ತೇವೆ. ಆ ಹೋಲಿಕೆ ಸಲ್ಲದು. ಆ ಹುಡುಗ ತೋಳವಿಲ್ಲವೆಂದು ತಿಳಿದೂ ಕೂಗಿದ. ಇವರು ತೋಳದ ಹೆಜ್ಜೆ ಕಂಡು ಕೂಗುತ್ತಾರೆ. ತೋಳ ಪಕ್ಕದ ಹಟ್ಟಿಗೆ ಹೋದರೆ ಕೂಗಿದ್ದು ಸುಳ್ಳಲ್ಲ.

ಇಷ್ಟಾಗಿಯೂ ಒಂದು ಪ್ರಶ್ನೆ ಉಳಿಯುತ್ತದೆ. ಕಿತ್ತಳೆಯ ದಿನ ಮನೆಯಲ್ಲಿ ಕುಳಿತುಕೊಳ್ಳುವುದು ನನ್ನಂತಹ ನಿವೃತ್ತಿವೇತನದವನಿಗೆ ಸುಲಭ. ದಿನಗೂಲಿಯವಳಿಗೆ ಒಂದು ಹೊತ್ತು ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಎಚ್ಚರಿಕೆ ಕೇಳುವವರು ಮನೆಯೊಳಗಿರುತ್ತಾರೆ, ಸಿಡಿಲಿಗೆ ಮೈಯೊಡ್ಡುವವರು ಬಯಲಿನಲ್ಲಿರುತ್ತಾರೆ. ನಡುವಿನ ದಾರಿಯನ್ನು ಯಾವ ಉಪಗ್ರಹವೂ ಕ್ರಮಿಸಲಾರದು. ಅದನ್ನು ಕ್ರಮಿಸಬೇಕಾದವರು ನಾವು; ಆಳನ್ನು ಹೊಲಕ್ಕೆ ಕಳುಹಿಸುವ ಯಜಮಾನ, ಕಟ್ಟಡದ ಕೆಲಸದ ಮೇಸ್ತ್ರಿ, ಸಂಜೆ ಮಕ್ಕಳನ್ನು ಬಯಲಿನಲ್ಲಿ ಆಡಿಸುವ ಮೇಷ್ಟ್ರು. ‘ಇವತ್ತು ಮೂರು ಗಂಟೆಯ ಮೇಲೆ ಕೆಲಸ ಬೇಡ, ಕೂಲಿ ಕಡಿಯುವುದಿಲ್ಲ’ ಎಂದು ಹೇಳುವುದಕ್ಕೆ ವಿಜ್ಞಾನ ಬೇಕಾಗಿಲ್ಲ.

ಶ್ರೋತೃಗಳೇ, ಪದವಿಭಾಗವಾಯಿತು, ಅನ್ವಯವಾಯಿತು. ತಾತ್ಪರ್ಯ ಇಷ್ಟೇ. ಇಂದೋ ನಾಳೆಯೋ ಈ ವಾಕ್ಯ ಮತ್ತೆ ನಿಮ್ಮ ಕಿವಿಗೆ ಬೀಳುತ್ತದೆ. ಆಗ ನಿಮ್ಮ ಮನೆಯವರಲ್ಲಿ, ನಿಮ್ಮ ಕೆಲಸದವರಲ್ಲಿ ಯಾರು ಬಯಲಿನಲ್ಲಿದ್ದಾರೆ ಎಂದು ಒಂದು ಕ್ಷಣ ಯೋಚಿಸಿ. ಎತ್ತು ಹೊಡೆದುಕೊಂಡು ಬಾ ಎಂದು ಹೇಳಿಕಳುಹಿಸುವುದಾದರೆ, ಮರದಡಿ ನಿಲ್ಲಬೇಡ ಎಂಬ ಮಾತನ್ನೂ ಅದೇ ಹುಡುಗನ ಕೈಯಲ್ಲಿ ಹೇಳಿಕಳುಹಿಸಿ.